ಈಟ್ಟಲಾ ಆಲ್ಟೊ ಹೂದಾನಿ, 16 ಸೆಂ.ಮೀ.

ಫಿನ್ಲೆಂಡಿನ ಈಟ್ಟಲಾ ಹಳ್ಳಿಯಲ್ಲಿ 1881ರಲ್ಲಿ ಶುರುವಾದ ಗಾಜಿನ ಕಾರ್ಖಾನೆಗೆ ಹೆಸರು ತಂದವರು ವಿನ್ಯಾಸಕಾರರು. ಟಾಪಿಯೋ ವಿರ್ಕ್ಕಲಾ ಹಿಮ ಕರಗುವ ನೋಟವನ್ನೇ ಲೋಟಕ್ಕಿಳಿಸಿದರು. ಕೆಂಪು ವೃತ್ತದೊಳಗಿನ 'ಐ' ಗುರುತು 1956ರಲ್ಲಿ ಟಿಮೋ ಸಾರ್ಪನೆವಾ ಕೊಟ್ಟದ್ದು. ಆದರೂ ಮೊದಲು ಕೊಳ್ಳಬೇಕಾದದ್ದು ಆಲ್ವಾರ್ ಆಲ್ಟೊ 1936ರಲ್ಲಿ ರೂಪಿಸಿದ ಈ ಅಂಕುಡೊಂಕಿನ ಹೂದಾನಿ.

ಮೊದಲು ಮರದ ಅಚ್ಚಿನೊಳಗೆ ಊದುತ್ತಿದ್ದರು. ಬಿಸಿ ಗಾಜಿಗೆ ಮರ ಸುಟ್ಟು ಸವೆಯುತ್ತಿತ್ತು, ಹಾಗಾಗಿ ಅಚ್ಚು ಲೋಹದ್ದಾಯಿತು. ಊದುವುದು ಮಾತ್ರ ಈಗಲೂ ಬಾಯಿಂದಲೇ. ಒಂದೆರಡು ಪುಟ್ಟ ಗುಳ್ಳೆ ಕಂಡರೆ ದೋಷವೆಂದು ವಾಪಸ್ ಕಳಿಸಬೇಡಿ.

ಮಡಿಕೆಗಳೇ ದಂಟುಗಳನ್ನು ಬೇರೆಬೇರೆಯಾಗಿ ಹಿಡಿಯುತ್ತವೆ. ಐದಾರು ಗುಲಾಬಿ ಸಾಕು, ಸ್ಪಂಜು ಬೇಡ. ಬಾಯಿ ಅಗಲವಾದ್ದರಿಂದ ಉದ್ದ ದಂಟಿನ ಒಂಟಿ ಸುಗಂಧರಾಜ ಮಾತ್ರ ವಾಲುತ್ತದೆ.

ನಮ್ಮಲ್ಲಿ ತೊಂದರೆ ಕೊಡುವುದು ಬೋರ್‌ವೆಲ್ ನೀರು. ಬ್ರಷ್ ತಲುಪದ ಒಳಮೂಲೆಗಳಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ವಿನೆಗರ್‌ಗೆ ಅಷ್ಟೇ ಉಗುರುಬೆಚ್ಚಗಿನ ನೀರು ಬೆರೆಸಿ ಒಂದು ಗಂಟೆ ಬಿಡಿ, ಬಳಿಕ ಒಂದು ಹಿಡಿ ಅಕ್ಕಿ ಹಾಕಿ ಕುಲುಕಿ ತೊಳೆಯಿರಿ. ಕುದಿನೀರು ಸುರಿದರೆ ಒಳಮೈ ಹಿಗ್ಗಿ, ಹೊರಮೈ ತಣ್ಣಗೇ ಉಳಿದು, ಸೀಳು ಬಿಡುತ್ತದೆ.