ವುದಾಂಗ್ ತಪ್ಪಲಿನಲ್ಲಿ ಎರಡು ವಾರದ ಚೀಗಾಂಗ್ ಶಿಬಿರ: ಕೊಟ್ಟ ಹಣಕ್ಕೆ ಕಲಿತದ್ದೆಷ್ಟು?

ಮೈಸೂರಿನ ಗೋಕುಲಂನ ನಮ್ಮ ರಸ್ತೆಯಲ್ಲಿ, ನಸುಕಿನಲ್ಲೇ ಚಾಪೆ ಸುತ್ತಿ ಹೆಗಲಿಗೇರಿಸಿಕೊಂಡು ಯೋಗಶಾಲೆಗೆ ಹೊರಡುವ ವಿದೇಶೀಯರನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ. ತಿಂಗಳ ಮಟ್ಟಿಗೆ ಮನೆ ಬಾಡಿಗೆಗೆ ಹಿಡಿದು, ಭಾಷೆ ಬಾರದ ಊರಿನಲ್ಲಿ ಎಳನೀರಿನವನೊಂದಿಗೆ ಕೈಸನ್ನೆಯಲ್ಲೇ ವ್ಯವಹರಿಸುವ ಇವರು ಅಷ್ಟು ಖರ್ಚು ಮಾಡಿ ಏನನ್ನು ಕಲಿತುಕೊಂಡು ಹೋಗುತ್ತಾರೆ ಎಂಬ ಕುತೂಹಲ ನನಗೆ ಮೊದಲಿನಿಂದಲೂ ಇತ್ತು. ಅರವತ್ತೊಂದನೆಯ ವಯಸ್ಸಿನಲ್ಲಿ, ಕಾಲೇಜಿನ ಕೆಲಸದಿಂದ ನಿವೃತ್ತಳಾದ ಮರುವರ್ಷ, ನಾನೂ ನನ್ನ ತಂಗಿಯೂ ಅದೇ ಪಾತ್ರವನ್ನು ಚೀನಾದ ಹುಬೈ ಪ್ರಾಂತ್ಯದಲ್ಲಿ, ವುದಾಂಗ್ ಬೆಟ್ಟದ ಬುಡದಲ್ಲಿರುವ ಒಂದು ಸಣ್ಣ ಚೀಗಾಂಗ್ ಶಾಲೆಯಲ್ಲಿ ಎರಡು ವಾರ ವಹಿಸಿ ಬಂದೆವು. ಆ ಪಟ್ಟಣದಲ್ಲಿ ಇದೇ ಮಾದರಿಯ ಶಾಲೆಗಳು ಹಲವಾರಿವೆ. ನಾನು ಹೇಳಲಿರುವ ಗುಣದೋಷಗಳು ಅವುಗಳಲ್ಲಿ ಯಾವುದನ್ನು ಆರಿಸುವವರಿಗೂ ಉಪಯೋಗಕ್ಕೆ ಬರುವಂಥವಾದ್ದರಿಂದ ಶಾಲೆಯ ಹೆಸರನ್ನು ಬರೆಯುತ್ತಿಲ್ಲ.

ಹೋಗುವ ಮೊದಲು ನಾನು ತಿಳಿದುಕೊಳ್ಳಬೇಕಾಗಿದ್ದ ಸಂಗತಿಯೊಂದಿದೆ. ಚೀಗಾಂಗ್ ಎಂಬುದು ಒಂದೇ ವಿದ್ಯೆಯಲ್ಲ. ಉಸಿರು, ನಿಲುವು ಮತ್ತು ಗಮನ ಮೂರನ್ನೂ ಒಟ್ಟಿಗೆ ಹೊಂದಿಸುವ ನೂರಾರು ಅಭ್ಯಾಸಗಳಿಗೆ ಸೇರಿ ಇಟ್ಟ ಹೆಸರು. ಅಭ್ಯಾಸಗಳು ಬಹಳ ಹಳೆಯವು. ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿಯಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯೊಂದರಿಂದ ದೊರೆತ ರೇಷ್ಮೆ ಬಟ್ಟೆಯ ಮೇಲೆ ಇಂಥ ವ್ಯಾಯಾಮ ಮಾಡುತ್ತಿರುವ ನಲವತ್ತನಾಲ್ಕು ಗಂಡಸರು ಹೆಂಗಸರ ಚಿತ್ರಗಳಿವೆ. ಆದರೆ ‘ಚೀಗಾಂಗ್’ ಎಂಬ ಮಾತು ಇಂದಿನ ಅರ್ಥದಲ್ಲಿ ಬಳಕೆಗೆ ಬಂದದ್ದು 1950ರ ದಶಕದಲ್ಲಿ, ಅದೂ ಸರ್ಕಾರಿ ಆರೋಗ್ಯಧಾಮಗಳ ಮೂಲಕ. ಮುಂದೆ ಈ ಶತಮಾನದ ಆರಂಭದಲ್ಲಿ ಅಲ್ಲಿನ ಕ್ರೀಡಾ ಇಲಾಖೆಯು ಬಾದುವಾನ್‌ಜಿನ್, ವೂಚಿನ್‌ಶಿ, ಯೀಜಿನ್‌ಜಿಂಗ್, ಲಿಯುತ್ಸೆಜುವೆ ಎಂಬ ನಾಲ್ಕು ಕ್ರಮಗಳನ್ನು ತಿದ್ದಿ, ದೇಶಕ್ಕೆಲ್ಲ ಒಂದೇ ರೂಪದಲ್ಲಿ ಹೊರತಂದಿತು. ಹೀಗಾಗಿ ಕಲಿಯಲು ಹೋಗುವವರ ಮುಂದೆ ಎರಡು ದಾರಿಗಳಿವೆ: ಒಂದು ಈ ಸಿದ್ಧ ರೂಪವನ್ನು ಹೇಳಿಕೊಡುವ ನಗರದ ಕೇಂದ್ರಗಳು, ಇನ್ನೊಂದು ತಮ್ಮದೇ ಗುರುಪರಂಪರೆ ಹೇಳಿಕೊಳ್ಳುವ ಬೆಟ್ಟದ ಶಾಲೆಗಳು. ವುದಾಂಗ್ ಚೀನಾದ ಹಳೆಯ ಧರ್ಮವಾದ ದಾವೋ ಪಂಥದವರ ಬೆಟ್ಟವಾದ್ದರಿಂದ ನಾವು ಎರಡನೆಯದನ್ನು ಆರಿಸಿದೆವು. ಕೊನೆಗೆ ಅಲ್ಲಿಯೂ ಕಲಿತದ್ದು ಬಹುಪಾಲು ಬಾದುವಾನ್‌ಜಿನ್ ಎಂಬುದು ಬೇರೆ ಮಾತು, ಅದರ ಬಗ್ಗೆ ನನಗೆ ದೂರಿಲ್ಲ.

ಪ್ರಯಾಣದ ಏರ್ಪಾಡನ್ನು ಮೊದಲು ‘ಸ್ವಾಸ್ಥ್ಯ ಪ್ರವಾಸ’ ಮಾಡಿಸುವ ಒಂದು ಏಜೆನ್ಸಿಯಲ್ಲಿ ವಿಚಾರಿಸಿದೆವು. ಅವರು ಹೇಳಿದ ಮೊತ್ತ ಶಾಲೆಯೇ ತಿಳಿಸಿದ ಶುಲ್ಕ, ವಿಮಾನ ಮತ್ತು ರೈಲು ಎಲ್ಲವನ್ನೂ ಕೂಡಿಸಿದ ಲೆಕ್ಕಕ್ಕಿಂತ ಹೆಚ್ಚುಕಡಿಮೆ ಎರಡರಷ್ಟಿತ್ತು. ಆ ಹೆಚ್ಚುವರಿ ಹಣಕ್ಕೆ ಸಿಗುತ್ತಿದ್ದುದು ಶಾಂಘೈ ನಗರದರ್ಶನ ಮತ್ತು ಪಾದದ ಮಾಲಿಶ್. ಹೀಗಾಗಿ ನಾವೇ ಶಾಲೆಗೆ ಪತ್ರ ಬರೆದು ಜಾಗ ಕಾಯ್ದಿರಿಸಿಕೊಂಡೆವು. ಭಾರತೀಯರಿಗೆ ಪ್ರವಾಸಿ ವೀಸಾ ಕೊಡುವುದನ್ನು ಚೀನಾ ಮತ್ತೆ ಆರಂಭಿಸಿದ್ದು, 2025ರ ಅಕ್ಟೋಬರಿನಲ್ಲಿ ಕೋಲ್ಕತ್ತದಿಂದ ಗುವಾಂಗ್‌ಝೌಗೆ ನೇರ ವಿಮಾನ ಶುರುವಾದದ್ದು ನಮ್ಮ ಕೆಲಸವನ್ನು ಹಗುರ ಮಾಡಿತು. ಪ್ರವಾಸಕ್ಕೆ ಎಲ್ ವರ್ಗದ ವೀಸಾ, ಆರು ತಿಂಗಳು ಮೀರದ ವ್ಯಾಸಂಗಕ್ಕೆ ಎಕ್ಸ್‌2 ವರ್ಗದ ವೀಸಾ ಇರುವುದರಿಂದ, ತಮ್ಮ ಶಿಬಿರಕ್ಕೆ ಯಾವುದು ಬೇಕೆಂಬುದನ್ನು ಶಾಲೆಯಿಂದ ಬರಹದಲ್ಲೇ ಪಡೆದುಕೊಳ್ಳುವುದು ಒಳ್ಳೆಯದು. ಗುವಾಂಗ್‌ಝೌನಿಂದ ವುಹಾನ್‌ಗೆ ವೇಗದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ, ಅಲ್ಲಿಂದ ವುದಾಂಗ್‌ಶಾನ್ ಪಶ್ಚಿಮ ನಿಲ್ದಾಣಕ್ಕೆ ಇನ್ನೆರಡು ಎರಡೂವರೆ ಗಂಟೆ. ಟಿಕೆಟ್ ಪಾಸ್‌ಪೋರ್ಟಿನ ಸಂಖ್ಯೆಗೇ ಅಂಟಿಕೊಂಡಿರುತ್ತದೆ. ಚೀನೀಯರು ತಮ್ಮ ಗುರುತಿನ ಚೀಟಿ ತೋರಿಸಿ ದಾಟುವ ಯಂತ್ರದ ಗೇಟಿನ ಬದಲು ಪಕ್ಕದಲ್ಲಿ ಸಿಬ್ಬಂದಿ ನಿಂತಿರುವ ಸಾಲನ್ನು ಹುಡುಕಿಕೊಂಡರೆ ತೊಂದರೆಯಾಗುವುದಿಲ್ಲ.

ಎರಡು ವಾರಕ್ಕೆ ತಲಾ 7,000 ಯುವಾನ್, ಎಂದರೆ ಸುಮಾರು 90 ಸಾವಿರ ರೂಪಾಯಿ. ಇಬ್ಬರ ಕೋಣೆ, ಮೂರು ಹೊತ್ತಿನ ಊಟ ಮತ್ತು ಪಾಠ ಅದರಲ್ಲೇ ಸೇರಿತ್ತು. ನಮ್ಮ ಯುಪಿಐ ಅಲ್ಲಿ ನಡೆಯುವುದಿಲ್ಲ. ಹೊರಡುವ ಮೊದಲೇ ಅಲಿಪೇ ಎಂಬ ಅಲ್ಲಿನ ಪಾವತಿ ಆ್ಯಪ್‌ಗೆ ವಿದೇಶ ವ್ಯವಹಾರಕ್ಕೆ ತೆರೆದಿರುವ ಕಾರ್ಡನ್ನು ಜೋಡಿಸಿಕೊಂಡರೆ ತಳ್ಳುಗಾಡಿಯವರಿಗೂ ಅದರಲ್ಲೇ ಹಣ ಕೊಡಬಹುದು. ಆದರೆ 200 ಯುವಾನ್ ಮೀರಿದ ಪಾವತಿಗೆ ಶೇ 3ರಷ್ಟು ಶುಲ್ಕ ಕಡಿತವಾಗುತ್ತದೆ ಎಂಬುದನ್ನು ಶಾಲೆಯ ಬಾಕಿ ಕಟ್ಟಿದ ಮೇಲೆ ತಿಳಿದು ಕೈ ಕೈ ಹಿಸುಕಿಕೊಂಡೆವು.

ಇನ್ನು ಪಾಠದ ವಿಷಯ. ಬೆಳಗ್ಗೆ ಆರಕ್ಕೆ ಅಂಗಳದಲ್ಲಿ ‘ಝಾನ್ ಝುವಾಂಗ್’, ಎಂದರೆ ಕಂಬದಂತೆ ನಿಲ್ಲುವ ಅಭ್ಯಾಸ. ಮೊಣಕಾಲನ್ನು ತುಸು ಸಡಿಲಿಸಿ, ದೊಡ್ಡ ಕೊಡವೊಂದನ್ನು ತಬ್ಬಿಕೊಂಡಂತೆ ತೋಳುಗಳನ್ನು ಎದೆಯ ಮುಂದೆ ಹಿಡಿದು ಅಲುಗಾಡದೆ ನಿಲ್ಲುವುದು, ಅಷ್ಟೇ. ಮೊದಲ ದಿನ ಐದು ನಿಮಿಷಕ್ಕೆ ನನ್ನ ತೊಡೆಗಳು ನಡುಗಿದವು. ಕೊನೆಯ ದಿನ ಇಪ್ಪತ್ತು ನಿಮಿಷ ನಿಂತೆ. ಗಂಜಿ ಕುಡಿದ ಮೇಲೆ ಒಂಬತ್ತರಿಂದ ಹನ್ನೊಂದರವರೆಗೆ ಬಾದುವಾನ್‌ಜಿನ್, ಊಟವಾದ ಮೇಲೆ ಊರಿಗೆ ಊರೇ ಮಲಗುವ ಮಧ್ಯಾಹ್ನದ ನಿದ್ದೆ, ಮತ್ತೆ ಮೂರರಿಂದ ಐದು ಅದೇ ಬಾದುವಾನ್‌ಜಿನ್. ಎಂಟು ಚಲನೆಗಳ ಈ ಕ್ರಮವನ್ನು ಪೂರ್ತಿ ಮಾಡಲು ಹನ್ನೆರಡು ನಿಮಿಷ ಸಾಕಾಗುವಾಗ ಎರಡು ವಾರ ಏನು ಕಲಿಸುತ್ತಾರೆ ಎಂದು ತಂಗಿ ಎರಡನೆಯ ದಿನವೇ ಗೊಣಗಿದಳು.

ಅದಕ್ಕೆ ಉತ್ತರ ಸಿಕ್ಕಿದ್ದು ಬಿಲ್ಲೆಳೆದು ಗಿಡುಗಕ್ಕೆ ಗುರಿಯಿಡುವ ಎರಡನೆಯ ಚಲನೆಯಲ್ಲಿ. ಕುದುರೆಯ ಮೇಲೆ ಕುಳಿತಂತೆ ಕಾಲು ಅಗಲಿಸಿ, ಒಂದು ಕೈಯನ್ನು ಪಕ್ಕಕ್ಕೆ ಚಾಚಿ, ಇನ್ನೊಂದರಿಂದ ಕಾಣದ ಹೆದೆಯನ್ನು ಸೆಳೆಯಬೇಕು. ಯೋಗಾಸನದ ಅಭ್ಯಾಸವಿದ್ದ ನಾನು ತೋಳನ್ನು ಚಾಚಬಲ್ಲಷ್ಟು ಚಾಚಿ ನಿಂತಿದ್ದೆ. ಶಿಫು, ಎಂದರೆ ನಮ್ಮ ಗುರು, ನಲವತ್ತರ ಆಸುಪಾಸಿನ, ನೆತ್ತಿಯ ಮೇಲೆ ಗಂಟು ಕಟ್ಟಿದ ಕೂದಲಿನವರು, ಹಿಂದೆ ಬಂದು ನನ್ನ ಹೆಗಲ ಮೇಲೆ ಎರಡು ಬೆರಳಿಟ್ಟರು. ಒತ್ತಲಿಲ್ಲ, ಏನೂ ಹೇಳಲೂ ಇಲ್ಲ, ಸುಮ್ಮನೆ ಕಾದರು. ಅರ್ಧ ನಿಮಿಷವಾದ ಮೇಲೆ, ಎತ್ತಿಕೊಂಡಿದ್ದೇನೆಂದು ನನಗೇ ಗೊತ್ತಿಲ್ಲದ ಹೆಗಲು ತಾನಾಗಿ ಕೆಳಗಿಳಿಯಿತು. ಆಗ ‘ಫಾಂಗ್ ಸೊಂಗ್’ ಎಂದರು: ಸಡಿಲ ಬಿಡು. ಹತ್ತರಲ್ಲಿ ಏಳರಷ್ಟು ಮಾತ್ರ ಚಾಚಬೇಕು, ಉಳಿದ ಮೂರನ್ನು ದೇಹಕ್ಕೆ ಬಿಡಬೇಕು ಎಂಬುದು ಅವರ ಲೆಕ್ಕ. ಆ ‘ಏಳ’ನ್ನು ಗುರುತಿಸುವುದಕ್ಕೇ ನನಗೆ ಒಂದು ವಾರ ಹಿಡಿಯಿತು, ಪುಸ್ತಕದಿಂದಾಗಲಿ ವಿಡಿಯೊದಿಂದಾಗಲಿ ನಾನು ಅದನ್ನು ಕಲಿಯುತ್ತಿರಲಿಲ್ಲ. ಒಂಬತ್ತೇ ಜನರ ತಂಡವಾದ್ದರಿಂದ ಆ ಎರಡು ಬೆರಳು ದಿನಕ್ಕೊಮ್ಮೆಯಾದರೂ ಪ್ರತಿಯೊಬ್ಬರ ಹೆಗಲಿಗೂ ಬರುತ್ತಿತ್ತು. ಶಾಲೆಯನ್ನು ಆರಿಸುವವರು ಬೇರೇನನ್ನು ಕೇಳದಿದ್ದರೂ ತಂಡದಲ್ಲಿ ಎಷ್ಟು ಜನರಿರುತ್ತಾರೆ, ಪಾಠ ಹೇಳುವವರು ಶಿಫುಗಳೋ ಅವರ ಶಿಷ್ಯರೋ ಎಂಬ ಎರಡನ್ನು ಕೇಳಲೇಬೇಕು. ಎಂಟನೆಯ ಚಲನೆಯಲ್ಲಿ ಹಿಮ್ಮಡಿಯನ್ನು ಎತ್ತಿ ಏಳು ಬಾರಿ ನೆಲಕ್ಕೆ ಕುಕ್ಕಬೇಕು. ನನ್ನ ಮಂಡಿನೋವನ್ನು ಕೇಳಿ ತಿಳಿದುಕೊಂಡು, ನಾನು ಕುಕ್ಕದೆ ಮೆಲ್ಲಗೆ ಇಳಿಸಿದರೆ ಸಾಕೆಂದದ್ದು ಅವರ ಬಗ್ಗೆ ನನ್ನ ಗೌರವವನ್ನು ಹೆಚ್ಚಿಸಿತು.

ದೂರುಗಳಿಲ್ಲವೆಂದಲ್ಲ. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ ಎಂದು ಶಾಲೆ ಬರೆದಿತ್ತು. ವಾಸ್ತವದಲ್ಲಿ ಇಂಗ್ಲಿಷ್ ಬರುತ್ತಿದ್ದುದು ಹಿರಿಯ ವಿದ್ಯಾರ್ಥಿನಿಯೊಬ್ಬಳಿಗೆ ಮಾತ್ರ. ಅವಳನ್ನು ಐದನೆಯ ದಿನ ಇನ್ನೊಂದು ತಂಡದ ಜೊತೆ ಕಳುಹಿಸಿಬಿಟ್ಟರು. ಮುಂದಿನ ನಾಲ್ಕು ದಿನ ನಾವು ಅಂಗಚಲನೆಯನ್ನು ನೋಡಿ ಕಲಿತೆವೇ ಹೊರತು, ಉಸಿರು ಎಲ್ಲಿ ಒಳಗೆ, ಎಲ್ಲಿ ಹೊರಗೆ, ಹೊಕ್ಕುಳ ಕೆಳಗಿನ ‘ದಾನ್‌ಟಿಯೆನ್’ ಕಡೆಗೆ ಗಮನವನ್ನು ಎಷ್ಟು ಹರಿಸಬೇಕು ಎಂಬ ನಮ್ಮ ಪ್ರಶ್ನೆಗಳೆಲ್ಲ ಫೋನಿನ ಅನುವಾದ ಯಂತ್ರದಲ್ಲಿ ಹಾಸ್ಯವಾಗಿ ಮಾರ್ಪಟ್ಟವು. ಚೀಗಾಂಗಿನಲ್ಲಿ ಇದು ಸಣ್ಣ ಕೊರತೆಯಲ್ಲ. ಉಸಿರನ್ನು ಬಲವಂತವಾಗಿ ಹಿಡಿದು, ಮನಸ್ಸನ್ನು ಅತಿಯಾಗಿ ಎಳೆದು ಅಭ್ಯಾಸ ಮಾಡಿದರೆ ತಲೆಸುತ್ತು, ಕಳವಳ, ನಿದ್ದೆಗೇಡು ಕಾಣಿಸಿಕೊಳ್ಳಬಹುದೆಂದು ಚೀನೀಯರೇ ಎಚ್ಚರಿಸುತ್ತಾರೆ; ಅದಕ್ಕೆ ಅವರಲ್ಲಿ ‘ಬೆಂಕಿ ದಾರಿ ತಪ್ಪಿ ದೆವ್ವ ಹೊಕ್ಕಿತು’ ಎಂಬ ಅರ್ಥದ ಮಾತೇ ಇದೆ.

ಎರಡನೆಯ ದೂರು ‘ಆರೋಗ್ಯ ತಪಾಸಣೆ’ ಎಂಬ ಹೆಸರಿನ ಹೆಚ್ಚುವರಿ ಸೇವೆಯದು. ನಾಡಿ ಹಿಡಿದು, ನಾಲಿಗೆ ನೋಡಿದ ವ್ಯಕ್ತಿ ನನಗೆ ಮೂತ್ರಪಿಂಡದ ಚೈತನ್ಯ ಕುಂದಿದೆಯೆಂದು ಹೇಳಿ 680 ಯುವಾನಿನ ಮೂಲಿಕೆಯ ಪೊಟ್ಟಣವನ್ನು ಮುಂದಿಟ್ಟರು. ಮಧ್ಯಾಹ್ನ ತಂಗಿಯ ಸರದಿ. ನನಗಿಂತ ಒಂಬತ್ತು ವರ್ಷ ಚಿಕ್ಕವಳಾದ, ದಿನಕ್ಕೆ ಐದು ಕಿಲೋಮೀಟರ್ ನಡೆಯುವ ಅವಳಿಗೂ ಅದೇ ಮೂತ್ರಪಿಂಡ, ಅದೇ ಚೈತನ್ಯ, ಅದೇ ಪೊಟ್ಟಣ. ಇಬ್ಬರೂ ಕೈಮುಗಿದು ಹೊರಬಂದೆವು. ರಕ್ತದೊತ್ತಡಕ್ಕೋ ಸಕ್ಕರೆಗೋ ಮಾತ್ರೆ ತೆಗೆದುಕೊಳ್ಳುವವರು ಅಲ್ಲಿ ಯಾರು ಏನೇ ಹೇಳಿದರೂ ಊರಿನ ವೈದ್ಯರನ್ನು ಕೇಳದೆ ಮಾತ್ರೆಯನ್ನು ನಿಲ್ಲಿಸಬಾರದು, ಹೊಸದನ್ನು ಸೇರಿಸಲೂಬಾರದು.

ಊಟದ ಬಗ್ಗೆ ನಮ್ಮಂಥ ಸಸ್ಯಾಹಾರಿಗಳಿಗೆ ಭಯ ಸಹಜ. ಬೆಳಗ್ಗೆ ಅಕ್ಕಿ ಗಂಜಿಯೊಂದಿಗೆ ಹಬೆಯಲ್ಲಿ ಬೇಯಿಸಿದ ಮಾಂತೌ ಎಂಬ ಮೆತ್ತನೆಯ ಉಂಡೆ. ಮಧ್ಯಾಹ್ನ ಅನ್ನ, ಸೋಯಾದ ತೋಫು, ಎಲೆಕೋಸು, ಮತ್ತು ಹುಬೈಯವರು ಹೆಮ್ಮೆಪಡುವ ಕಮಲದ ದಂಟು. ಕಮಲದ ದಂಟಿನ ಪಲ್ಯ ನಿಜಕ್ಕೂ ರುಚಿಯಾಗಿತ್ತು. ಆದರೆ ‘ಮಾಂಸವಿಲ್ಲ’ ಎಂದರೆ ಅಲ್ಲಿನ ಅಡುಗೆಯವರಿಗೆ ತುಂಡುಗಳಿಲ್ಲ ಎಂದಷ್ಟೇ ಅರ್ಥವಾಗುವುದುಂಟು. ಹಂದಿಯ ಕೊಬ್ಬಿನಲ್ಲಿ ಹುರಿದ ತರಕಾರಿ, ಕೋಳಿಯ ಸಾರಿನಲ್ಲಿ ಬೆಂದ ತೋಫು ಅವರ ಲೆಕ್ಕದಲ್ಲಿ ಮಾಂಸವಾಗದೆ ಇರಬಹುದು. ‘ವೊ ಚ್ರ್ ಸು’, ನಾನು ಸಸ್ಯಾಹಾರಿ, ಎಂಬುದರ ಜೊತೆಗೆ ಕೊಬ್ಬು, ಸಾರು, ಸಿಂಪಿಯ ಸಾಸ್ ಯಾವುದೂ ಬೇಡವೆಂದು ಚೀನೀ ಲಿಪಿಯಲ್ಲಿ ಬರೆಸಿದ ಚೀಟಿಯನ್ನು ಮೊದಲ ದಿನವೇ ಅಡುಗೆಮನೆಯ ಗೋಡೆಗೆ ಅಂಟಿಸಿದೆವು. ಆಮೇಲೆ ಅಡುಗೆಯಾಕೆ ನಮಗೆ ಬೇರೆಯೇ ಬಾಣಲೆ ಇಟ್ಟರು. ಮನೆಯಿಂದ ಒಯ್ದ ಚಟ್ನಿಪುಡಿ ಹತ್ತು ದಿನಕ್ಕೇ ಖಾಲಿಯಾಯಿತು, ಅದರಲ್ಲಿ ಅರ್ಧ ಪಾಲು ಜರ್ಮನಿಯ ಸಹಪಾಠಿಯದು.

ಕೋಣೆ ಸ್ವಚ್ಛವಾಗಿತ್ತು, ಹಾಸಿಗೆ ಗಟ್ಟಿಯಾಗಿತ್ತು, ಏಪ್ರಿಲ್ ತಿಂಗಳ ಮಳೆಗೆ ಬಟ್ಟೆ ಒಣಗಲಿಲ್ಲ. ಹೋಟೆಲಲ್ಲದ ಕಡೆ ತಂಗುವ ವಿದೇಶೀಯರ ವಿವರ ಇಪ್ಪತ್ತನಾಲ್ಕು ಗಂಟೆಯೊಳಗೆ ಪೊಲೀಸರಲ್ಲಿ ನೋಂದಣಿಯಾಗಬೇಕು. ಅದನ್ನು ಶಾಲೆಯವರೇ ಅಚ್ಚುಕಟ್ಟಾಗಿ ಮಾಡಿಸಿದರು.

ಭಾನುವಾರದ ರಜೆಯಲ್ಲಿ ನಾನ್‌ಯಾನ್ ದೇವಾಲಯದಿಂದ ಕಲ್ಲಿನ ಮೆಟ್ಟಿಲು ಹತ್ತಿ 1,612 ಮೀಟರ್ ಎತ್ತರದ ಶಿಖರಕ್ಕೆ ಹೋದೆವು. ಮಿಂಗ್ ದೊರೆ ಯೊಂಗ್‌ಲೆ 1416ರಲ್ಲಿ ಕಟ್ಟಿಸಿದ, ಕಂಚಿಗೆ ಚಿನ್ನದ ನೀರು ಕೊಟ್ಟ ಪುಟ್ಟ ಗುಡಿ ಅಲ್ಲಿದೆ. ಇನ್ನೊಂದು ಬದಿಯಿಂದ ಕೇಬಲ್ ಕಾರೂ ಇದೆ, ಮಂಡಿನೋವಿನವರು ಇಳಿಯುವಾಗಲಾದರೂ ಅದನ್ನು ಬಳಸಬೇಕು. ಮೇ ಮೊದಲ ವಾರ ಮತ್ತು ಅಕ್ಟೋಬರ್ ಮೊದಲ ವಾರ ಚೀನೀಯರಿಗೆ ಸಾಲು ರಜೆ. ಆಗ ಈ ಬೆಟ್ಟದ ಮೆಟ್ಟಿಲುಗಳಲ್ಲಿ ನಮ್ಮ ದಸರೆಯ ಜಂಬೂಸವಾರಿಯಷ್ಟು ಜನ ಸೇರುತ್ತಾರೆಂದು ಶಿಫು ಕೈಯಗಲಿಸಿ ತೋರಿಸಿದಂತಿತ್ತು.

ಪಾಠಕ್ಕೆ ಐದರಲ್ಲಿ ನಾಲ್ಕೂವರೆ, ಊಟ ವಸತಿಗೆ ಮೂರೂವರೆ, ಆಡಳಿತಕ್ಕೆ ಎರಡು ಅಂಕ ಕೊಡುತ್ತೇನೆ. ಹಿಂದಿರುಗಿ ಮೂರು ತಿಂಗಳಾಗಿವೆ. ಮಂಡಿನೋವು ಹೋಗಿಲ್ಲ, ಹೋಗುತ್ತದೆಂದು ಶಿಫು ಹೇಳಿಯೂ ಇರಲಿಲ್ಲ. ಆದರೆ ಒಂಟಿಕಾಲಲ್ಲಿ ನಿಂತು ಕಾಲುಚೀಲ ಹಾಕಿಕೊಳ್ಳುವಾಗ ಈಗ ಗೋಡೆ ಹಿಡಿಯುವುದಿಲ್ಲ, ಮತ್ತು ಬರೆಯುವಾಗ ಎಡಹೆಗಲು ಮೇಲೇರಿದ್ದು ತಕ್ಷಣ ಗೊತ್ತಾಗುತ್ತದೆ. ಹೋದ ವಾರ ಶಾಲೆಯಿಂದ ಎರಡನೆಯ ಹಂತದ ಶಿಬಿರಕ್ಕೆ ರಿಯಾಯಿತಿಯ ಪತ್ರ ಬಂದಿದೆ. ಆರೋಗ್ಯ ತಪಾಸಣೆ ಈ ಸಲ ಉಚಿತವಂತೆ. ದುಭಾಷಿ ಎರಡು ವಾರವೂ ಇರುತ್ತಾಳೆಯೇ ಎಂದು ಮರುದಿನವೇ ಬರೆದು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.