ಪಿಜಿ_ವಾಲ್ ಫೋಲ್ಡರಿಗೆ ಕೈ ಹಾಕಬೇಡಿ

ಬದಿಯಡ್ಕ ಕಡೆಯ ಅಡಿಕೆ ಖರೀದಿ ಅಂಗಡಿಯೊಂದರ ಪೋಸ್ಟ್‌ಗ್ರೆಸ್ (ಡೇಟಾಬೇಸ್ ತಂತ್ರಾಂಶ) ಸರ್ವರ್ ಸೋಮವಾರ ಬೆಳಿಗ್ಗೆ ಏಳಲೇ ಇಲ್ಲ. ಲಾಗಿನ ಕೊನೆಯಲ್ಲಿ ‘ಪ್ಯಾನಿಕ್’, ಜತೆಗೆ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’. ಪೋಸ್ಟ್‌ಗ್ರೆಸ್ ತನ್ನ ವಾಲ್ ಫೈಲುಗಳನ್ನು ಇಡುವ ಪಿಜಿ_ವಾಲ್ ಫೋಲ್ಡರ್ ತೆರೆದರೆ 16 ಎಂಬಿಯ ಫೈಲುಗಳು ಐದು ಸಾವಿರಕ್ಕೂ ಮೇಲೆ. ಹಳೇ ಲಾಗ್ ತಾನೇ ಎಂದು ಅಲ್ಲಿದ್ದವರು ಎಲ್ಲವನ್ನೂ ಅಳಿಸಿದರು. ಕೊನೆಯ ಚೆಕ್‌ಪಾಯಿಂಟಿನ (ಇಲ್ಲಿಯವರೆಗಿನ ಡೇಟಾ ಡಿಸ್ಕಿಗೆ ಬರೆದಾಯಿತು ಎಂಬ ಗುರುತಿನ) ದಾಖಲೆ ಇದ್ದ ಫೈಲೂ ಅದರೊಂದಿಗೆ ಹೋಯಿತು. ಸಿಕ್ಕಿದ್ದು ಶುಕ್ರವಾರ ರಾತ್ರಿಯ ಡಂಪ್, ಅಂದರೆ ಬ್ಯಾಕಪ್ ಪ್ರತಿ, ಮಾತ್ರ. ಶನಿವಾರದ ಖರೀದಿಯನ್ನೆಲ್ಲ ರಶೀದಿ ಪುಸ್ತಕ ಹಿಡಿದು ಮತ್ತೆ ಟೈಪ್ ಮಾಡಬೇಕಾಯಿತು.

ವಾಲ್ (ರೈಟ್-ಅಹೆಡ್ ಲಾಗ್) ಎಂದರೆ ಓದಿ ಬಿಸಾಡುವ ಲಾಗ್ ಅಲ್ಲ, ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ಜಾಗ. ಸರ್ವರ್ ಅರ್ಧದಲ್ಲಿ ಬಿದ್ದರೆ ಮತ್ತೆ ಎದ್ದು ನಿಲ್ಲುವುದು ಅದನ್ನು ಓದಿಯೇ.

ತುಂಬಿದ್ದು ಹೇಗೆ? 500 ಜಿಬಿ ಡಿಸ್ಕ್ ಎಂದು ತಂದದ್ದನ್ನು ಲಿನಕ್ಸ್ 1024ರ ಲೆಕ್ಕದಲ್ಲಿ 465 ಎಂದು ತೋರಿಸುತ್ತದೆ. ಲಿನಕ್ಸಿನ ಫೈಲ್ ಸಿಸ್ಟಂ ಇಎಕ್ಸ್‌ಟಿ4 ತನ್ನ ಲೆಕ್ಕಪತ್ರಕ್ಕೆ ಒಂದಿಷ್ಟು, ರೂಟ್ (ಅಡ್ಮಿನ್) ಬಳಕೆದಾರನಿಗೆಂದು ಶೇ. 5 ತೆಗೆದಿಡುತ್ತದೆ. ಕೈಗೆ ಬರುವುದು ಸುಮಾರು 435. ಅದರಲ್ಲಿ ಡೇಟಾ 110, ಸಿಸ್ಟಂ 15, ಅದೇ ಡಿಸ್ಕಿನಲ್ಲಿ ಎರಡು ರಾತ್ರಿಯ ಡಂಪ್ 190. ತೂಕದ ಚೀಟಿಗಳ ಜೆಪಿಜಿ ಸ್ಕ್ಯಾನನ್ನು ಡೇಟಾಬೇಸಿನೊಳಗೇ ಇಟ್ಟಿದ್ದರು. ಜೆಪಿಜಿಯನ್ನು ಜಿಪ್ ಮಾಡಿದರೂ ಕುಗ್ಗುವುದಿಲ್ಲ, ಹಾಗಾಗಿ ಡಂಪ್ ಹೆಚ್ಚುಕಡಿಮೆ ಡೇಟಾದಷ್ಟೇ ದೊಡ್ಡದು. ಉಳಿದದ್ದು 120.

ಮಂಗಳೂರಿನಲ್ಲಿ ಇದೇ ಡೇಟಾದ ಪ್ರತಿ ಇಡುತ್ತಿದ್ದ ರೆಪ್ಲಿಕಾ ಯಂತ್ರವನ್ನು ಬಂದ್ ಮಾಡಿದವರು ಇಲ್ಲಿ ಅದರ ರೆಪ್ಲಿಕೇಶನ್ ಸ್ಲಾಟ್ (ಅದು ಎಲ್ಲಿಯವರೆಗೆ ಓದಿದೆ ಎಂಬ ಗುರುತು) ತೆಗೆಯಲು ಮರೆತಿದ್ದರು. ಆ ಕಡೆಯವ ಇನ್ನೂ ಓದಿಲ್ಲ ಎಂದು ಪೋಸ್ಟ್‌ಗ್ರೆಸ್ ಒಂದು ವಾಲ್ ಫೈಲನ್ನೂ ಬಿಡದೆ ಕಾದಿಟ್ಟಿತು. ದಿನಕ್ಕೆ ವಾಲ್ 6 ಜಿಬಿ. 400 ಕೆಬಿಯ 1,500 ಚೀಟಿಗೆ 0.6, ಅಷ್ಟೇ ಎರಡೂ ಡಂಪಿನಲ್ಲಿ ಬೆಳೆದು ಇನ್ನೂ 1.2. ಒಟ್ಟು 7.8. ಉಳಿದ 120ನ್ನು ಅದರಿಂದ ಭಾಗಿಸಿ ನೋಡಿ, 15 ದಿನ. ‘ಮ್ಯಾಕ್ಸ್_ವಾಲ್_ಸೈಜ್ 1 ಜಿಬಿ ಇದೆಯಲ್ಲ’ ಎನ್ನುವವರಿದ್ದಾರೆ. ವಾಲ್ ಗಾತ್ರದ ಆ ಸೆಟ್ಟಿಂಗ್ ಗಟ್ಟಿ ಮಿತಿಯಲ್ಲ, ಸ್ಲಾಟ್ ಹಿಡಿದಿಟ್ಟದ್ದಕ್ಕೆ ಅದು ಲೆಕ್ಕಕ್ಕೇ ಇಲ್ಲ.

ಹೊಟ್ಟೆ ಉರಿಯುವ ಸಂಗತಿ ಬೇರೆಯೇ ಇದೆ. ಡಿಸ್ಕ್ ತುಂಬಿದ್ದು ಶನಿವಾರ ರಾತ್ರಿಯ ಡಂಪ್ ಬರೆಯುವಾಗ. ಅರ್ಧಕ್ಕೆ ನಿಂತ ಆ ಕೆಲಸಕ್ಕೆ ಬಾರದ ಫೈಲೊಂದನ್ನು ಅಳಿಸಿದ್ದರೆ ಹತ್ತಾರು ಜಿಬಿ ಖಾಲಿಯಾಗಿ, ಮತ್ತೆ ಸ್ಟಾರ್ಟ್ ಮಾಡಿದರೆ ಸರ್ವರ್ ಏಳುತ್ತಿತ್ತು. ಎದ್ದ ಮೇಲೆ ಸ್ಲಾಟುಗಳ ಪಟ್ಟಿಯಾದ ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್ ನೋಡಿ, ಆಕ್ಟಿವ್ ಅಲ್ಲದ್ದನ್ನು ಪಿಜಿ_ಡ್ರಾಪ್_ರೆಪ್ಲಿಕೇಶನ್_ಸ್ಲಾಟ್‌ನಿಂದ ತೆಗೆದು, ಒಂದು ಚೆಕ್‌ಪಾಯಿಂಟ್ ಕೊಟ್ಟರೆ ಹಳೇ ವಾಲ್ ತಾನೇ ಹೋಗುತ್ತದೆ. ಅಳಿಸಲು ಏನೂ ಇಲ್ಲದವರು ಫೈಲ್ ಸಿಸ್ಟಂ ಹೊಂದಿಸುವ ಕಮಾಂಡ್ ಆದ ಟ್ಯೂನ್2ಎಫ್‌ಎಸ್‌ನಲ್ಲಿ ರೂಟಿಗೆ ತೆಗೆದಿಟ್ಟ ಆ ಶೇ. 5ನ್ನು 1ಕ್ಕೆ ಇಳಿಸಬಹುದು. ಈ ಡಿಸ್ಕಿನಲ್ಲಾದರೆ 18 ಜಿಬಿ ಅಲ್ಲಿಂದಲೇ ಸಿಗುತ್ತದೆ, ರೀಬೂಟ್ ಬೇಡ.

ಪೋಸ್ಟ್‌ಗ್ರೆಸ್ 13ರಿಂದ ಸ್ಲಾಟ್ ಎಷ್ಟು ವಾಲ್ ಹಿಡಿದಿಡಬಹುದು ಎಂದು ಹೇಳುವ ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ಸೆಟ್ಟಿಂಗ್ ಇದೆ. ಹಾಗೇ ಬಿಟ್ಟರೆ ಅದು -1, ಅಂದರೆ ಮಿತಿಯೇ ಇಲ್ಲ. 30 ಜಿಬಿ ಎಂದು ಬರೆದು ರೀಲೋಡ್ ಮಾಡಿ. ಮಿತಿ ದಾಟಿದರೆ ರೆಪ್ಲಿಕಾವನ್ನು ಹೊಸದಾಗಿ ಕಟ್ಟಬೇಕಾಗುತ್ತದೆ ನಿಜ, ಅಂಗಡಿ ಮುಚ್ಚುವುದಿಲ್ಲ. ವಾಲ್ ಫೈಲುಗಳನ್ನು ಬೇರೆಡೆ ನಕಲು ಮಾಡುವ ಆರ್ಕೈವ್_ಕಮಾಂಡ್ ಸೋಲುತ್ತಿದ್ದರೂ ವಾಲ್ ಇದೇ ರೀತಿ ರಾಶಿ ಬೀಳುತ್ತದೆ, ಅದಕ್ಕೆ ಈ ಮಿತಿ ತಾಗುವುದಿಲ್ಲ.

ಹಳೇ ವರ್ಷದ ಸಾಲುಗಳನ್ನು ಡಿಲೀಟ್ ಮಾಡಿ ಜಾಗ ಮಾಡಿಕೊಳ್ಳೋಣ ಎಂಬ ಯೋಚನೆ ಬೇಡ. ಡಿಲೀಟ್ ಮಾಡಿದ ಜಾಗ ಟೇಬಲಿನೊಳಗೇ ಉಳಿಯುತ್ತದೆ. ವ್ಯಾಕ್ಯೂಮ್ ಫುಲ್ ಎಂಬ ಕಮಾಂಡ್ ಅದನ್ನು ಸಿಸ್ಟಂಗೆ ವಾಪಸು ಕೊಡುತ್ತದೆ, ಆದರೆ ಉಳಿದ ಸಾಲುಗಳ ಹೊಸ ಪ್ರತಿ ಬರೆಯಲು ಅದಕ್ಕೇ ಜಾಗ ಬೇಕು, ಮುಗಿಯುವವರೆಗೆ ಟೇಬಲಿಗೆ ಬೀಗ.

ಹೊಸ ಡಿಸ್ಕಿನ ಅಳತೆ ಹಾಕುವಾಗ ಪರೀಕ್ಷೆಗೆ ಇಂಗ್ಲಿಷ್ ಹೆಸರುಗಳನ್ನು ತುಂಬಿಸಬೇಡಿ. ಅಕ್ಷರಗಳನ್ನು ಬೈಟಿನಲ್ಲಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡ, ಮಲಯಾಳಂ ಅಕ್ಷರಕ್ಕೂ ಗುಣಿತದ ಚಿಹ್ನೆಗೂ ತಲಾ 3 ಬೈಟ್. ಇಂಗ್ಲಿಷಿನಲ್ಲಿ 9 ಬೈಟಿಗೆ ಮುಗಿಯುವ ‘ಕಾಸರಗೋಡು’ ಕನ್ನಡದಲ್ಲಿ 24. ಬೇಗ ಹುಡುಕಲು ಇಡುವ ಹೆಸರಿನ ಇಂಡೆಕ್ಸೂ ಅದೇ ಲೆಕ್ಕದಲ್ಲಿ ಉಬ್ಬುತ್ತದೆ.

ಡಂಪನ್ನು ಬೇರೆ ಯಂತ್ರಕ್ಕೆ ಕಳಿಸಿ. ವಾರಕ್ಕೊಮ್ಮೆ ಡೇಟಾಬೇಸಿನ ಗಾತ್ರ ಹೇಳುವ ಪಿಜಿ_ಡೇಟಾಬೇಸ್_ಸೈಜ್ ಉತ್ತರವನ್ನು ಒಂದು ಟೇಬಲಿನಲ್ಲಿ ಬರೆದಿಡಿ. ಶೇ. 80 ತುಂಬಿತು ಎಂಬ ಅಲರ್ಟಿಗಿಂತ ‘ಇನ್ನು 40 ದಿನ’ ಎಂಬ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಹೊಸ ಅಡಿಕೆ ಬರುವ ತಿಂಗಳುಗಳ ಚೀಟಿ ಎಣಿಸಿ ಭಾಗಿಸಿ, ಮಳೆಗಾಲದ್ದನ್ನಲ್ಲ.