ಇನಿಷಿಯಲ್ಲಿಗೆ ಜಾಗ ಕೊಡದ ಕಾಲಂ: ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಅರ್ಜಿಗಳ ವಿಮರ್ಶೆ

ಮಂಡ್ಯ, ಮೈಸೂರು ಕಡೆ ಬಹಳ ಮಂದಿಗೆ ಸರ್‌ನೇಮ್ ಎಂಬುದೇ ಇಲ್ಲ. ಮೊದಲು ಊರಿನ ಅಕ್ಷರ, ಆಮೇಲೆ ಅಪ್ಪನ ಹೆಸರಿನ ಅಕ್ಷರ, ಕೊನೆಗೆ ಸ್ವಂತ ಹೆಸರು. ಸರ್ ಎಂ. ವಿಶ್ವೇಶ್ವರಯ್ಯನವರ ‘ಎಂ’ ಕೂಡ ಮೋಕ್ಷಗುಂಡಂ ಎಂಬ ಊರೇ. ಈ ಹೆಸರುಗಳನ್ನು ಮೂರು ಅರ್ಜಿಗಳು ಹೇಗೆ ನಡೆಸಿಕೊಳ್ಳುತ್ತವೆ ಎಂಬುದಷ್ಟೇ ಇಲ್ಲಿನ ವಿಷಯ.

ಆಧಾರ್: 5ಕ್ಕೆ 4. ಪೂರ್ತಿ ಹೆಸರಿಗೆ ಒಂದೇ ಕಾಲಂ. ನಮ್ಮ ಹೆಸರುಗಳಿಗೆ ಇದೇ ಸರಿ. ತೊಂದರೆ ಬರುವುದು ಕನ್ನಡದ ಸಾಲಿನಲ್ಲಿ. ಇಂಗ್ಲಿಷಿನಲ್ಲಿ ಹೊಡೆದದ್ದನ್ನು ಸಾಫ್ಟ್‌ವೇರ್ ತಾನೇ ಕನ್ನಡಕ್ಕೆ ತಿರುಗಿಸುವಾಗ ಚಿಕ್ಕತಾಯಮ್ಮ ‘ಚಿಕ್ಕಥಾಯಮ್ಮ’ ಆಗಿಬಿಡಬಹುದು. ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಹಾಗಾಗಿ ಒಪ್ಪಿಗೆ ಕೊಡುವ ಮುಂಚೆ ಪರದೆಯ ಮೇಲಿನ ಕನ್ನಡವನ್ನು ಅಕ್ಷರ ಅಕ್ಷರವಾಗಿ ಓದಿ.

ಕನ್ನಡದಲ್ಲೇ ಟೈಪ್ ಮಾಡುವ ಕಡೆ ಇನ್ನೊಂದು ತಪ್ಪು ನುಸುಳುತ್ತದೆ, ಕಣ್ಣಿಗೆ ಸುಲಭಕ್ಕೆ ಕಾಣುವುದಿಲ್ಲ. ‘ರಂಗಮ್ಮ’ದ ಅನುಸ್ವಾರಕ್ಕೆ ಬದಲು ಕನ್ನಡ ಅಂಕಿ ಸೊನ್ನೆ ಒತ್ತಿದರೆ ‘ರ೦ಗಮ್ಮ’ ಆಗುತ್ತದೆ. ಪ್ರಿಂಟ್ ತೆಗೆದರೆ ಎರಡೂ ಒಂದೇ ಥರ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ ಹೆಸರು. ಹುಡುಕಿದರೆ ದಾಖಲೆ ಸಿಗುವುದಿಲ್ಲ. ಪರೀಕ್ಷೆ ಸುಲಭ: ಹೆಸರಿನ ಶುರುವಿನಲ್ಲಿ ಕರ್ಸರ್ ಇಟ್ಟು ಬಲಬಾಣದ ಕೀ ಒತ್ತಿ. ‘ರಂ’ ಒಂದೇ ಸಲಕ್ಕೆ ದಾಟಿದರೆ ಅನುಸ್ವಾರ, ಎರಡು ಸಲ ಒತ್ತಬೇಕಾದರೆ ಅದು ಸೊನ್ನೆ.

ಪ್ಯಾನ್: 5ಕ್ಕೆ 2. ಫಸ್ಟ್ ನೇಮಿನಲ್ಲಾಗಲೀ ಲಾಸ್ಟ್ ನೇಮಿನಲ್ಲಾಗಲೀ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಎಂ.ಸಿ. ರಂಗಸ್ವಾಮಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಮದ್ದೂರು ಫಸ್ಟ್, ಚಿಕ್ಕಣ್ಣ ಮಿಡ್ಲ್, ರಂಗಸ್ವಾಮಿ ಲಾಸ್ಟ್ ಎಂದು ತುಂಬಿದರೆ ನಾವು ಹೇಳುವ ಕ್ರಮವೇ ಉಳಿಯುತ್ತದೆ. ತಿರುಗಿಸಿ ಮದ್ದೂರನ್ನು ಕೊನೆಗೆ ಹಾಕಿದರೆ ಊರೇ ಮನೆತನವಾಗುತ್ತದೆ. ಪ್ಯಾನ್ ನಂಬರಿನ 5ನೇ ಅಕ್ಷರ ಲಾಸ್ಟ್ ನೇಮಿನ ಮೊದಲ ಅಕ್ಷರ. ಮುಂದೆ ಹೆಸರು ತಿದ್ದಿಸಿದರೂ ನಂಬರ್ ಬದಲಾಗುವುದಿಲ್ಲ, ಊರಿನ ಅಕ್ಷರ ಅಲ್ಲೇ ಕೂತಿರುತ್ತದೆ. ಆಧಾರಿನಲ್ಲಿ ಬರೀ ‘ಎಂ ಸಿ’ ಇದ್ದು ಇಲ್ಲಿ ಬಿಡಿಸಿ ಬರೆದಿದ್ದರೆ ಎರಡನ್ನೂ ಜೋಡಿಸುವಾಗ ಹೆಸರು ತಾಳೆಯಾಗದೆ ನಿಲ್ಲಬಹುದು. ಆದ್ದರಿಂದ ಬಿಡಿಸಿದ ಹೆಸರು ಯಾವುದೆಂದು ಮನೆಯಲ್ಲೇ ತೀರ್ಮಾನಿಸಿ, ಆಧಾರಿನಲ್ಲಿ ಮೊದಲು ಸರಿಮಾಡಿಸಿ, ಆಮೇಲೆ ಪ್ಯಾನಿಗೆ ಹೋಗಿ.

ಪಾಸ್‌ಪೋರ್ಟ್: 5ಕ್ಕೆ 3. ಗಿವನ್ ನೇಮ್, ಸರ್‌ನೇಮ್ ಎಂದು ಎರಡೇ ಕಾಲಂ. ಸಿದ್ದಮ್ಮ ಎಂಬ ಒಂಟಿ ಹೆಸರಿದ್ದರೆ ಇಲ್ಲಿ ಗಿವನ್ ನೇಮಿನಲ್ಲಿ ಬರೆದು ಸರ್‌ನೇಮ್ ಖಾಲಿ ಬಿಡಬೇಕು. ಪ್ಯಾನಿನಲ್ಲಿ ಇದಕ್ಕೆ ಪೂರಾ ಉಲ್ಟಾ: ಒಂಟಿ ಹೆಸರು ಲಾಸ್ಟ್ ನೇಮಿಗೆ. ಒಂದೇ ದೇಶದ ಎರಡು ಅರ್ಜಿಗಳು ಒಬ್ಬ ತಾಯಿಯ ಹೆಸರನ್ನು ಹೀಗೆ ಎಳೆದಾಡುವುದು ಸರಿಯಲ್ಲ. ಖಾಲಿ ಬಿಟ್ಟರೂ ಮುಗಿಯಲಿಲ್ಲ. 2022ರ ನವೆಂಬರಿನಲ್ಲಿ ಯುಎಇ, ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲವೆಂದಿತು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕೆಂಬ ಸ್ಪಷ್ಟನೆ ಆಮೇಲೆ ಬಂತು. ಅಮೆರಿಕದ ವೀಸಾದಲ್ಲಿ ಒಂಟಿ ಹೆಸರು ಸರ್‌ನೇಮಿಗೆ ಹೋಗಿ, ಗಿವನ್ ನೇಮಿನ ಜಾಗಕ್ಕೆ ‘ಎಫ್‌ಎನ್‌ಯು’ ಸೇರಿಕೊಳ್ಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ಮಗ ಮಗಳ ಬಳಿ ಹೋಗಬೇಕೆಂದಿರುವ ಹಿರಿಯರು ಅರ್ಜಿ ಹಾಕುವಾಗಲೇ ಇದನ್ನು ಯೋಚಿಸಲಿ.

ನಂಜೇಗೌಡ ಎಂಬಂಥ ಹೆಸರಿನವರು ‘ನಂಜೇ ಗೌಡ’ ಎಂದು ನಡುವೆ ಜಾಗ ಬಿಡುವ ಮುಂಚೆ ತಮ್ಮ ಅಂಕಪಟ್ಟಿ ನೋಡಲಿ. ಜಾಗ ಬಿಟ್ಟರೆ ‘ಗೌಡ’ ಸರ್‌ನೇಮ್ ಕಾಲಮ್ಮಿಗೆ ಹಾರುತ್ತದೆ, ಕೂಡಿಸಿದರೆ ಹೆಸರಲ್ಲೇ ಉಳಿಯುತ್ತದೆ. ಇಮೇಲಿನ ಯೂಸರ್‌ನೇಮಿನಲ್ಲೂ ಹೀಗೇ ಕಾಗುಣಿತ ನೋಡಿಕೊಳ್ಳಬೇಕು. ವಿಶ್ವೇಶ್ವರಯ್ಯ ಎಂಬುದನ್ನು ಇಂಗ್ಲಿಷಿನಲ್ಲಿ ಎಸ್ ಪಕ್ಕ ಎಚ್ ಹಾಕಿಯೂ ಹಾಕದೆಯೂ, ಕೊನೆಗೆ ವೈ-ಎ ಎಂದೂ ಐ-ಎ-ಎಚ್ ಎಂದೂ ಬರೆಯುವವರಿದ್ದಾರೆ. ಆಧಾರಿನಲ್ಲಿರುವ ಕಾಗುಣಿತವನ್ನೇ ಇಮೇಲಿಗೂ ಇಟ್ಟುಕೊಳ್ಳಿ, ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆಗೇ ಇಡಿ.